ಎರಾಸ್ಮೊಗೆ ಹೊರಟ ಬಾಟಲಿ

ವಯಸ್ಸಾದ್ದರಿಂದ ಅಪ್ಪನ ಲೈಸೆನ್ಸನ್ನು ಈಗ ವರ್ಷ ವರ್ಷವೂ ಹೊಸದು ಮಾಡಿಸಬೇಕು. ಈ ಸಲ ಅದರ ಮಾತು ಬಂದಾಗ ಅಣ್ಣ ಫಾಬಿಯಾನ್ ಊಟದ ಮೇಜಿನಲ್ಲೇ ಹೇಳಿಬಿಟ್ಟ.

"ಸಾಕು ಬಿಡಪ್ಪ. ಕಾರಿನ ಕೀಲಿ ನೆಲಿದಾಗೆ ಕೊಡು" ಎಂದು ನನ್ನ ಕಡೆ ಕೈ ತೋರಿಸಿದ.

ಅಪ್ಪ ಬ್ರೆಡ್ಡಿನ ತುಂಡಿನಿಂದ ತಟ್ಟೆಯ ಸಾರು ಒರೆಸಿ ಬಾಯಿಗಿಟ್ಟುಕೊಂಡ. "ಮೂವತ್ತೊಂದು ವರ್ಷ ಬೆಟ್ಟ ದಾಟಿ ಚಿಲಿಗೆ ಲಾರಿ ಹೊಡೆದಿದೀನಿ ಕಣೋ. ಇವಳು ತಿರುವು ಕಂಡ್ರೆ ಕಣ್ಣು ಮುಚ್ಕೊಳ್ಳೋಳು. ಇವಳಿಗೆ ಕೊಡ್ಲಾ?"

ಅದು ಸುಳ್ಳಲ್ಲ. ನಮ್ಮೂರು ಮೆಂದೋಸಾದೊಳಗೆ ಸಂತೆಗೆ, ಮಕ್ಕಳ ಶಾಲೆಗೆ ನಾನು ಕಾರು ಓಡಿಸುತ್ತೇನೆ. ಬೆಟ್ಟದ ಕಡೆ ಮುಖ ಮಾಡಿ ಒಮ್ಮೆಯೂ ಓಡಿಸಿದವಳಲ್ಲ.

ಕೊನೆಗೆ ಒಪ್ಪಂದವಾಯಿತು. ಗಡಿಯಾಚೆ ಲೋಸ್ ಆಂದೆಸ್‌ನಲ್ಲಿ ಅಪ್ಪನ ಗೆಳೆಯ ಎರಾಸ್ಮೊಗೆ ಎಂಬತ್ತು ತುಂಬುತ್ತಿತ್ತು. ಒಮ್ಮೆ ಹಿಮ ಬಿದ್ದು ದಾರಿ ಮುಚ್ಚಿದಾಗ ಅಪ್ಪನನ್ನು ಹನ್ನೊಂದು ದಿನ ಮನೆಯಲ್ಲಿಟ್ಟುಕೊಂಡು ಊಟ ಹಾಕಿದ ಮೆಕ್ಯಾನಿಕ್ ಅವನು. ಅಲ್ಲಿಗೆ ಅಪ್ಪನೇ ಓಡಿಸುವುದು, ಪಕ್ಕದಲ್ಲಿ ನಾನು. ದಂಡ ಬೀಳದೆ ಹೋಗಿಬಂದರೆ ಫಾಬಿಯಾನ್ ಒಂದು ವರ್ಷ ಬಾಯಿ ಬಿಡಬಾರದು. ಒಂದೇ ಒಂದು ದಂಡ ಬಿದ್ದರೂ ಕೀಲಿ ನನಗೆ.

ಉಡುಗೊರೆಗೆ ಅಪ್ಪ ಹಿತ್ತಲ ಬಳ್ಳಿಯ ದ್ರಾಕ್ಷಿಯಿಂದ ತಾನೇ ಮಾಡಿದ ವೈನ್ ಒಂದು ಬಾಟಲಿ ತೆಗೆದಿಟ್ಟಿದ್ದ. 'ಎರಾಸ್ಮೊಗೆ, ಎಂಬತ್ತರ ಹುಟ್ಟುಹಬ್ಬಕ್ಕೆ' ಎಂದು ಚೀಟಿ ಬರೆದು ಅಂಟಿಸಿ ನಾನು ಅದನ್ನು ಡಿಕ್ಕಿಯಲ್ಲಿಟ್ಟೆ. ಅಪ್ಪ ಅದನ್ನೆತ್ತಿ ತನ್ನ ಸೀಟಿನ ಕೆಳಗೆ ತುರುಕಿದ.

"ಬಾಟಲಿ ಜಾಗ ಇದೇ ಕಣೇ. ಲಾರಿಲೂ ಇಲ್ಲೇ ಇರ್ತಿತ್ತು. ಚಳೀಲಿ ದಾರಿ ಕಾಯೋ ಪೊಲೀಸ್ರಿಗೆ ಒಂದೊಂದು ಕೊಟ್ರೆ ಮುಗೀತು, ಲಾರಿ ಮುಂದೆ."

ಬೆಳಿಗ್ಗೆ ಹೊರಟೆವು. ಮೊಟ್ಟೆ, ಗಿಣ್ಣು, ಹಣ್ಣು ಯಾವುದನ್ನೂ ಚಿಲಿಯವರು ಒಳಗೆ ಬಿಡುವುದಿಲ್ಲ. ಹಾಗಾಗಿ ನಾನು ಬೇಯಿಸಿ ತಂದ ಆರು ಮೊಟ್ಟೆಗಳನ್ನೂ ಸುರಂಗಕ್ಕೆ ಮೊದಲೇ ತಿಂದು ಮುಗಿಸಿದೆವು. ಅಪ್ಪ ನಾಲ್ಕು, ನಾನು ಎರಡು. ದಾರಿಯುದ್ದಕ್ಕೂ ಎಲೆಪುಡಿ ತುಂಬಿದ ಸೋರೆ ಬುರುಡೆಗೆ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ, 'ಮಾತೆ' ಎನ್ನುವ ನಮ್ಮ ಕಡೆಯ ಕಹಿ ಚಹಾ ಕೊಡುವುದು ನನ್ನ ಕೆಲಸ. ಕಾರು ನಿಂತಾಗ ಮಾತ್ರ ಅಪ್ಪ ಹೀರುತ್ತಿದ್ದ.

ಚಿಲಿಯ ಕಡೆ ಇಪ್ಪತ್ತೊಂಬತ್ತು ತಿರುವಿನ ಇಳಿಜಾರು. ನಾನು ಕಣ್ಣು ಮುಚ್ಚಿದೆ. ಅಪ್ಪ ಮಗುವಿನ ತೊಟ್ಟಿಲು ತೂಗಿದ ಹಾಗೆ ಇಳಿಸಿದ. ಕೆಳಗೆ ದಾರಿ ನೆಟ್ಟಗಾದ ಮೇಲೆ ಖುಷಿಯಾಗಿ, ಆ ಹನ್ನೊಂದು ದಿನದ ಕಥೆ ತೆಗೆದ. ರಿಯೋ ಬ್ಲಾಂಕೊ ಊರು ಬಂತು. ಐವತ್ತು ಎಂದು ಬರೆದ ಹಲಗೆ ಬಂತು, ಹೋಯಿತು. ಹಸಿರು ಸಮವಸ್ತ್ರದ ಪೊಲೀಸ್ ಹುಡುಗಿಯೊಬ್ಬಳು ರಸ್ತೆಗಿಳಿದು ಕೈ ತೋರಿಸಿದಳು.

"ಎಪ್ಪತ್ತೆರಡರಲ್ಲಿ ಬಂದ್ರಿ ಯಜಮಾನ್ರೇ. ಇಲ್ಲಿ ಐವತ್ತು. ಕಾಗದ ಕೊಡಿ."

ಅಪ್ಪನ ಒಂದು ಕೈ ಕಾಗದ ಚಾಚಿತು. ಇನ್ನೊಂದು ಕೈ, ಅವನನ್ನು ಕೇಳದೆಯೇ, ಸೀಟಿನ ಕೆಳಗೆ ಹೋಗಿ ಬಾಟಲಿಯನ್ನೂ ಚಾಚಿತು.

"ಚಳೀಲಿ ನಿಂತಿದೀಯಲ್ಲ ತಾಯಿ. ತಗೋ."

ಹುಡುಗಿಯ ಮುಖ ಬಿಗಿಯಿತು. ಚಿಲಿಯ ಹಸಿರು ಬಟ್ಟೆಯವರ ಮುಂದೆ ಇಂಥದ್ದು ನಡೆಯುವುದಿಲ್ಲ. ಇದು ಅಪ್ಪನಿಗೂ ಗೊತ್ತು. ಅವನ ಕೈಗೆ ಮಾತ್ರ ಗೊತ್ತಿರಲಿಲ್ಲ.

"ಇದಕ್ಕೆ ನಿಮ್ಮನ್ನ ಠಾಣೆಗೆ ಕರ್ಕೊಂಡು ಹೋಗಬಹುದು, ಗೊತ್ತಾ?"

ಅಪ್ಪ ಬಾಟಲಿಯನ್ನೇ ನೋಡಿದ. ಅದು ಅಲ್ಲಿಗೆ ಹೇಗೆ ಬಂತೆಂದು ಅವನಿಗೇ ತಿಳಿಯದಂತಿತ್ತು. ನಾನು ಅವನ ಮಂಡಿಯ ಮೇಲೆ ಕೈಯಿಟ್ಟೆ.

"ಅಕ್ಕಾ, ಬಾಟಲಿ ನಿಮಗಂತ ತಂದಿದ್ದಲ್ಲ. ಚೀಟಿ ಓದಿ. ಲೋಸ್ ಆಂದೆಸ್‌ನಲ್ಲಿ ಇವರ ಗೆಳೆಯನ ಹುಟ್ಟಿದಹಬ್ಬ. ಮೂವತ್ತು ವರ್ಷ ಲಾರಿ ಹೊಡೆದವರು, ನಮ್ಮ ಕಡೆ ಮಾಡಿದ ಅಭ್ಯಾಸ, ಕೈ ತಾನಾಗೇ ಹೋಯ್ತು. ಜೋರಾಗಿ ಬಂದಿದ್ದು ತಪ್ಪೇ. ದಂಡ ಬರೀರಿ."

ನನಗಿಂತ ಹದಿನೈದು ವರ್ಷ ಚಿಕ್ಕವಳನ್ನು ಅಕ್ಕಾ ಎಂದಿದ್ದೆ. ಅವಳು ಬಗ್ಗಿ ಚೀಟಿ ಓದಿದಳು. ಅಪ್ಪನ ಮುಖವನ್ನೂ ಒಂದು ಗಳಿಗೆ ಓದಿದಳು.

"ಬಾಟಲಿ ಒಳಗಿಡಿ. ನಾನು ನೋಡಿದ್ದು ಎಪ್ಪತ್ತೆರಡು ಮಾತ್ರ."

ನಿಧಾನವಾಗಿ ದಂಡದ ಕಾಗದ ಬರೆದು ಕೊಟ್ಟಳು. "ಲೋಸ್ ಆಂದೆಸ್‌ನಲ್ಲೇ ಕಟ್ಟಬಹುದು. ನಿಮ್ಮ ಗೆಳೆಯನಿಗೆ ನನ್ನ ಶುಭಾಶಯ ಹೇಳಿ."

ಅಪ್ಪ ಐವತ್ತು ದಾಟದೆ ಒಂದೆರಡು ಕಿಲೋಮೀಟರು ಹೋದ. ಪಾಪ್ಲರ್ ಮರಗಳ ಪಕ್ಕ ಕಾರು ನಿಲ್ಲಿಸಿದ.

"ಹೋಗ್ಲಿ ಬಿಡಪ್ಪ, ಫಾಬಿಯಾನ್‌ಗೆ ನಾನು ಹೇಳಲ್ಲ."

"ಫಾಬಿಯಾನ್ ವಿಷಯ ಅಲ್ಲ ಕಣೇ. ಹಲಗೆ ನನಗೆ ಕಾಣ್ಲೇ ಇಲ್ಲ. ನಿನಗೆ ಕಾಣ್ತಾ?"

"ಕಾಣ್ತು. ನಿನಗೂ ಕಂಡಿರುತ್ತೆ ಅಂದ್ಕೊಂಡೆ."

ಅವನು ತಲೆಯಾಡಿಸಿದ. "ಆಗ ಅಡ್ಡ ಯಾವುದಾದ್ರೂ ಮಗು ಬಂದಿದ್ರೆ?"

ಅಪ್ಪ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟ. ಬಾಗಿಲು ತೆಗೆದು, ಕಾರಿನ ಮುಂದಿನಿಂದ ಸುತ್ತಿ ಬಂದು ನನ್ನ ಕಡೆ ನಿಂತ. "ಏಳು. ಫ್ಲಾಸ್ಕ್ ಎಲ್ಲಿಟ್ಟಿದೀಯ?"

ಎರಾಸ್ಮೊ ಬಾಟಲಿಯ ಕಥೆ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಅಪ್ಪನ ಬೆನ್ನು ತಟ್ಟಿದ. "ಇಲ್ಲಿ ಅವರಿಗೆ ನೀರೂ ಕೊಡಬೇಡ ಅಂತ ನಲವತ್ತು ವರ್ಷದಿಂದ ಹೇಳ್ತಿದೀನಲ್ಲೋ ಬೆನಿಗ್ನೊ!"

ಮರುದಿನ ದಂಡ ಕಟ್ಟಿ ಹೊರಟೆವು. ತಿರುವುಗಳ ಬುಡಕ್ಕೆ ಬಂದಾಗ ನನ್ನ ಅಂಗೈ ಬೆವೆತು ಸ್ಟಿಯರಿಂಗ್ ಜಾರುತ್ತಿತ್ತು.

"ಕಣ್ಣು ಮುಚ್ಚಬೇಡ, ಅಷ್ಟು ಸಾಕು" ಎಂದ ಅಪ್ಪ. "ಎರಡನೇ ಗೇರ್. ಮೇಲಿಂದ ಲಾರಿ ಬರ್ತಿದೆ, ತಿರುವು ಅವನಿಗೆ ಬಿಡು. ಹಾಂ. ಈಗ ಹೋಗು."

ಒಂದೊಂದು ತಿರುವಿಗೂ ಅವನ ಹತ್ತಿರ ಹೆಸರಿತ್ತು. ಟೈರು ಸಿಡಿದದ್ದು, ನರಿ ಕಂಡದ್ದು, ನಾನು ಹುಟ್ಟಿದ ಸುದ್ದಿ ತಿಳಿದು ಲಾರಿ ನಿಲ್ಲಿಸಿ ಅತ್ತದ್ದು. ಈ ಕೊನೆಯದನ್ನು ಅವನು ಹಿಂದೆ ಯಾವತ್ತೂ ಹೇಳಿರಲಿಲ್ಲ. ಆ ತಿರುವನ್ನು ನಾನು ತುಸು ಹೆಚ್ಚೇ ನಿಧಾನವಾಗಿ ದಾಟಿದೆ. ಹಿಂದಿನ ಕಾರಿನವನು ಹಾರ್ನ್ ಹೊಡೆದ.

"ಹೊಡ್ಕೊಳ್ಲಿ. ಅವನಿಗೇನು ಗೊತ್ತು" ಎಂದ ಅಪ್ಪ.

ಸುರಂಗ ದಾಟಿ ನಮ್ಮ ಕಡೆಯ ಗಡಿಕಟ್ಟೆಗೆ ಬಂದೆವು. ಕಿಟಕಿಯೊಳಗಿನ ಗುಮಾಸ್ತ ತಲೆಯೆತ್ತದೆ ಕೇಳಿದ.

"ಚಾಲಕರು ಯಾರು?"

ರೂಢಿಯಂತೆ ನಾನು ಅಪ್ಪನ ಕಡೆ ತಿರುಗಿದೆ. ಅವನು ತುಂಬಾ ಗಮನವಿಟ್ಟು ಬುರುಡೆಗೆ ನೀರು ಬಗ್ಗಿಸುತ್ತಿದ್ದ.

"ನಾನು" ಎಂದೆ.