ಬಾನೆಟ್ಟು ತಣ್ಣಗಾಗುವವರೆಗೆ

ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬಿಸಿಯಾಗಿತ್ತು.

"ಈಗಷ್ಟೇ ಓಡಿಸ್ಕೊಂಡು ಬಂದ್ರಾ?" ಎಂದು ಕೇಳಿದೆ.

"ಇಲ್ಲ ಮೇಡಂ, ನೀವು ಬರ್ತೀರಿ ಅಂತ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ ಇಟ್ಟಿದ್ದೆ. ನಿಮ್ಮನ್ನ ಕಾಯಿಸಬಾರದಲ್ಲ," ಎಂದ ಹಳೆ ಕಾರು ಮಾರುವ ಯಜಮಾನ. ನೆಲದ ತುಂಬ ಆಯಿಲ್ ಕಲೆ ಇದ್ದ ಆ ಅಂಗಳದಲ್ಲಿ ಅವನು ಹಾಲಿನಂಥ ಬಿಳಿ ಶೂ ಹಾಕಿಕೊಂಡು ಓಡಾಡುತ್ತಿದ್ದ. ಕಾರುಗಳ ನಡುವೆ ಬದುಕುವವನ ಶೂ ಅಷ್ಟು ಬೆಳ್ಳಗಿದ್ದರೆ ಅವನು ಬಾನೆಟ್ಟು ಎತ್ತಿ ನೋಡುವವನಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಅವತ್ತಿಡೀ ಮನಸ್ಸಿನಲ್ಲಿ ಅವನನ್ನು ಬಿಳಿಶೂ ಎಂದೇ ಕರೆದೆ.

ನನ್ನ ಜೊತೆ ಇಬ್ಬರು ಬಂದಿದ್ದರು. ಒಬ್ಬ ನನ್ನ ಮೈದುನ. ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತನಾದವನು. ಅವನ ಕೈಗೆ ಗ್ರೀಸು ತಾಗಿದ್ದನ್ನು ನಾನು ಕಂಡಿಲ್ಲ, ಆದರೆ ಜರ್ಮನಿಯ ಕಾರುಗಳ ಬಗ್ಗೆ ನಿಂತ ಕಾಲಲ್ಲಿ ಎರಡು ಗಂಟೆ ಮಾತಾಡಬಲ್ಲ. ನಾನು ಅವನಿಗಿಟ್ಟ ಹೆಸರು ಪಂಡಿತ. ಇನ್ನೊಬ್ಬಳು ನನ್ನ ಮಗಳು. ಪಂಡಿತ ಬಂದಿದ್ದು ಕಾರು ಕೊಡಿಸಲಿಕ್ಕೆ, ಮಗಳು ಬಂದಿದ್ದು ನಾನು ಕೊಳ್ಳದಂತೆ ನೋಡಿಕೊಳ್ಳಲಿಕ್ಕೆ.

ಮೂವತ್ತೊಂದು ವರ್ಷದಿಂದ ನಾನು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದೇನೆ. ಅಂಗಡಿ ಶುರು ಮಾಡಿದ್ದು ನನ್ನ ಗಂಡ. ಅವರು ಹೋದಾಗ "ಇನ್ನು ಬಾಗಿಲು ಹಾಕ್ತಾಳೆ" ಅಂದವರ ಕಣ್ಣೆದುರಿಗೇ ಹತ್ತೊಂಬತ್ತು ವರ್ಷ ನಡೆಸಿದೆ. ಈಗ ಆ ಕಟ್ಟಡವನ್ನೇ ಕೆಡವುತ್ತಾರಂತೆ, ತಿಂಗಳ ಕೊನೆಗೆ ಖಾಲಿ ಮಾಡಬೇಕು. ಸುದ್ದಿ ಬಂದ ವಾರದೊಳಗೆ ಮಗಳು ತನ್ನ ಮನೆಯ ಹಿಂದಿನ ಕೋಣೆಗೆ ಬಣ್ಣ ಹೊಡೆಸಿ, ಮಂಚ ಹಾಕಿಸಿ, ಕಿಟಕಿಗೆ ಪರದೆಯನ್ನೂ ಕಟ್ಟಿಸಿಬಿಟ್ಟಳು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಅಂಗಡಿ ಹೋದರೆ ಹೋಗಲಿ, ಯಂತ್ರ ಇರುವಲ್ಲಿಗೆ ನಾನೇ ಹೋಗುತ್ತೇನೆ ಎಂದು ನಾನು ನಿರ್ಧರಿಸಿದ್ದೆ. ಕಾರ್ಖಾನೆಯ ಹೊಲಿಗೆ ಯಂತ್ರದ ತಲೆ, ಅಂದರೆ ಮೇಜು ಬಿಟ್ಟು ಮೇಲಿನ ಭಾಗ, ಅದೊಂದೇ ಮೂವತ್ತು ಕಿಲೋ ಮೀರುತ್ತದೆ. ಅದನ್ನು ಬಸ್ಸಿನಲ್ಲಿ ಹೊತ್ತು ತಿರುಗುವ ಸೊಂಟ ನನಗೀಗ ಇಲ್ಲ. ಹಿಂಬಾಗಿಲು ತಗ್ಗಾಗಿರಬೇಕು, ಸೀಟು ಮಡಚಿದರೆ ಅಂಥ ನಾಲ್ಕು ಯಂತ್ರದ ತಲೆ ಸಾಲಾಗಿ ಕೂರಬೇಕು. ಟೇಪು ಹಿಡಿದು ಹತ್ತಾರು ಕಾರುಗಳನ್ನು ಅಳೆದೆ. ಕೊನೆಗೆ ಅಳತೆ ಸರಿಹೋದದ್ದು ಹದಿನೇಳು ವರ್ಷ ಹಳೆಯ ಹಿಂದೆ ಸಾಮಾನಿಗೆ ಉದ್ದ ಜಾಗವಿರುವ ಈ ಜರ್ಮನ್ ವ್ಯಾಗನ್ನಿಗೆ. ನಾನು ಕೂಡಿಟ್ಟದ್ದೆಲ್ಲ ಇದಕ್ಕೇ ಹೋಗುತ್ತಿತ್ತು, ಇನ್ನೊಂದು ಸಲ ತಪ್ಪು ಮಾಡಲು ಏನೂ ಉಳಿಯುತ್ತಿರಲಿಲ್ಲ. ಸರಿಯಾದ ಎಂಜಿನ್ ಸಿಕ್ಕರೆ ನನ್ನ ಕೆಲಸ ಉಳಿಯುತ್ತದೆ, ತಪ್ಪಿದರೆ ಹಿಂದಿನ ಕೋಣೆ.

ಅಂಗಳದಲ್ಲಿ ಅಂಥವೇ ಎರಡು ನಿಂತಿದ್ದವು. ಒಂದೇ ಮಾದರಿ, ಒಂದೇ ವರ್ಷ, ಒಂದೇ ಬೂದು ಬಣ್ಣ, ಎಂಜಿನ್ ಮಾತ್ರ ಬೇರೆ. ಮುಂದೆ ನಿಲ್ಲಿಸಿದ್ದಕ್ಕೆ ಆರು ಸಿಲಿಂಡರಿನ ದೊಡ್ಡ ಎಂಜಿನ್. ಮೂಲೆಯಲ್ಲಿ ಧೂಳು ಹೊದ್ದು ನಿಂತಿದ್ದಕ್ಕೆ ನಾಲ್ಕು ಸಿಲಿಂಡರಿನ ಸಾದಾ ಪೆಟ್ರೋಲ್ ಎಂಜಿನ್. ಟರ್ಬೊ ಗಿರ್ಬೊ ಏನೂ ಇಲ್ಲ.

"ಅತ್ತಿಗೆ, ಜರ್ಮನ್ ಕಾರು ತಗೊಂಡು ನಾಲ್ಕು ಸಿಲಿಂಡರ್ ಸಾಕು ಅನ್ನೋದು, ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ," ಎಂದ ಪಂಡಿತ. "ಒಳಗಿನ ಭಾಗಗಳನ್ನ ಹೊಂದಿಸಿ ತಿರುಗಿಸೋಕೆ ಆ ಸಣ್ಣ ಎಂಜಿನ್ನಲ್ಲಿ ಇರೋದು ರಬ್ಬರ್ ಬೆಲ್ಟು. ಆಗಾಗ ಬದಲಾಯಿಸ್ತಾ ಇರ್ಬೇಕು. ಇದರಲ್ಲಿ ಚೈನು. ಚೈನು ಅಂದ್ರೆ ಆಯುಷ್ಯಪೂರ್ತಿ ಮುಟ್ಟೋ ಹಾಗಿಲ್ಲ."

"ಯಾರ ಆಯುಷ್ಯ? ನಂದೋ ಅದರದ್ದೋ?"

ಬಿಳಿಶೂ ಜೋರಾಗಿ ನಕ್ಕು ಎಂಜಿನ್ ಸ್ಟಾರ್ಟ್ ಮಾಡಿದ. ಸದ್ದೇ ಇಲ್ಲ. ಬಾನೆಟ್ಟಿನ ಮೇಲೆ ತುಂಬಿದ ಲೋಟ ಇಟ್ಟರೂ ತುಳುಕುತ್ತಿರಲಿಲ್ಲ. ಪಂಡಿತ ಕಣ್ಣು ಮುಚ್ಚಿ ಕೇಳಿದ. ನನಗೆ ಮಾತ್ರ ಸಿಟ್ಟು ಬಂತು. ಹದಿನೇಳು ವರ್ಷ ದುಡಿದ ಯಾವ ಯಂತ್ರವೂ ಹೀಗೆ ಬಾಯಿ ಮುಚ್ಚಿಕೊಂಡಿರುವುದಿಲ್ಲ. ಸವೆದ ಭಾಗ ತನ್ನ ಕಷ್ಟ ಹೇಳಿಕೊಳ್ಳುವುದು ತಣ್ಣಗಿದ್ದಾಗ. ಬಿಸಿಯೇರಿ ಎಣ್ಣೆ ಎಲ್ಲ ಕಡೆ ಹರಿದ ಮೇಲೆ ಎಂಥ ಮುರುಕು ಯಂತ್ರವೂ ಸಾಧುವಾಗಿಬಿಡುತ್ತದೆ.

"ನಿಲ್ಲಿಸಿ. ತಣ್ಣಗಾಗಲಿ. ಆಮೇಲೆ ಕೇಳ್ತೀನಿ."

"ಅದು ತಣ್ಣಗಾಗೋಕೆ ಮಧ್ಯಾಹ್ನ ಮೂರು ಗಂಟೆ ಆಗುತ್ತೆ ಮೇಡಂ!"

"ಆಗಲಿ. ನಂಗೇನೂ ಅವಸರ ಇಲ್ಲ."

ಆಫೀಸಿನ ಹೊರಗಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ತಂದು ಕಾರಿನ ಪಕ್ಕ ಹಾಕಿಕೊಂಡು ಕೂತೆ. ಆಗಿನ್ನೂ ಹತ್ತೂವರೆ.

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರು ನಮ್ಮತ್ತಿಗೆ," ಎಂದು ಪಂಡಿತ ಬಿಳಿಶೂವಿನ ಮುಂದೆ ಹಲ್ಲು ಕಿರಿದ. ನನ್ನ ಪರವಾಗಿ ಕ್ಷಮೆ ಕೇಳುವ ದನಿ ಅದು. ಬೇರೆಯವರ ಮುಂದೆ ನಮ್ಮವರೇ ನಮ್ಮನ್ನು ಹೀಗೆ ಬಿಟ್ಟುಕೊಟ್ಟಾಗ ಮೈ ಉರಿಯುತ್ತದೆ. ನನಗೂ ಉರಿಯಿತು.

ಮಗಳು ಇನ್ನೊಂದು ಕುರ್ಚಿ ತಂದು ಹತ್ತಿರ ಕೂತಳು. ಬಹಳ ಹೊತ್ತು ಮೊಬೈಲ್ ನೋಡಿದಳು. ಆಮೇಲೆ ಮೆಲ್ಲಗೆ, "ಅಮ್ಮ, ಸಾಕಲ್ವಾ? ಎಷ್ಟು ವರ್ಷ ಅಂತ ದುಡೀತೀಯ? ಆರಾಮಾಗಿರು ಅಂತ ತಾನೇ ಕೋಣೆ ರೆಡಿ ಮಾಡಿಸಿದ್ದು?" ಎಂದಳು.

"ಮಗೂನ ನೋಡ್ಕೊಳ್ಳೋಕೆ ಬರ್ತಿದ್ದ ಆಯಾ ಏನಂದ್ಲು?"

ಅವಳು ಮತ್ತೆ ಮೊಬೈಲ್ ಕೈಗೆತ್ತಿಕೊಂಡಳು.

"ಹೇಳು."

"ಮುಂದಿನ ತಿಂಗಳಿಂದ ಬೇಡ ಅಂದಿದೀನಿ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನನಗೆ ಬೇಸರವಾಯಿತು, ಅದಕ್ಕಿಂತ ಹೆಚ್ಚು ಕೋಪ ಬಂತು. "ನೋಡು, ನಿಂಗೆ ನಾನು ಬೇಕಾದ್ರೆ ಬೇಕು ಅಂತ ಕೇಳು. ನಿಂಗಲ್ದೆ ಇನ್ಯಾರಿಗೆ ಮಾಡ್ಲಿ? ವಾರಕ್ಕೆ ಎರಡು ದಿನ ಬರ್ತೀನಿ, ಮೊಮ್ಮಗನ್ನ ಹೆಗಲ ಮೇಲೆ ಹೊತ್ಕೊಂಡು ತಿರುಗ್ತೀನಿ. ಆದ್ರೆ ನಂಗೆ ಸಾಕಾಗಿದೆ ಅಂತ ನೀನು ಹೇಳ್ಬೇಡ. ಸಾಕಾದಾಗ ನಾನೇ ಹೇಳ್ತೀನಿ."

ಅವಳ ಕಣ್ಣಲ್ಲಿ ನೀರು ತುಂಬಿತು. ಸಮಾಧಾನ ಮಾಡುವ ಮನಸ್ಸು ನನಗಾಗಲಿಲ್ಲ. ಬಾನೆಟ್ಟು ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗಿತ್ತು.

ಒಂದು ಗಂಟೆಯ ಹೊತ್ತಿಗೆ ಬಿಳಿಶೂ ಕೀಲಿ ಅಲ್ಲಾಡಿಸುತ್ತ ಬಂದ. "ಹಿಂದಿನ ಕಾರು ಹೊರಗೆ ಹೋಗ್ಬೇಕು. ಇದನ್ನ ಸ್ವಲ್ಪ ಮುಂದೆ ತಗೋತೀನಿ, ಎರಡೇ ನಿಮಿಷ."

ಎರಡು ನಿಮಿಷ ಓಡಿದರೆ ನನ್ನ ಎರಡೂವರೆ ಗಂಟೆ ನೀರುಪಾಲು. ಕುರ್ಚಿಯನ್ನು ಎತ್ತಿ ಕಾರಿನ ಮೂತಿಯ ಮುಂದೆಯೇ ಹಾಕಿಕೊಂಡೆ. "ಸ್ಟಾರ್ಟ್ ಮಾಡ್ಬೇಡಿ. ನ್ಯೂಟ್ರಲ್‌ಗೆ ಹಾಕಿ, ತಳ್ಳೋಣ."

"ಎರಡು ಟನ್ ಹತ್ರ ಇದೆ ಮೇಡಂ ಇದು!"

"ತಳ್ಳೋದು ನಾನು. ನೀವು ಸ್ಟೀರಿಂಗ್ ಹಿಡೀರಿ, ಶೂ ಕೊಳೆಯಾಗಲ್ಲ."

ಅವನ ಮುಖ ಕೆಂಪಾಯಿತು. ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿ, "ವಯಸ್ಸಾದವರನ್ನ ಇಂಥ ಕಡೆ ಯಾಕೆ ಕರ್ಕೊಂಡು ಬರ್ತೀರಿ? ಮನೇಲಿ ಕೂರಿಸಿ," ಎಂದ.

ಮಗಳು ಎದ್ದಳು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಾರಿನ ಹಿಂದೆ ಹೋಗಿ ನಿಂತಳು. "ಅಮ್ಮ, ನೀನು ಎಡಗಡೆ ಹಿಡಿ," ಎಂದಳು. ಪಂಡಿತ ಅತ್ತ ಇತ್ತ ನೋಡಿ, ಬೇರೆ ದಾರಿ ಕಾಣದೆ ತಾನೂ ಬಂದು ಕೈ ಕೊಟ್ಟ. ನಾನು ಕುರ್ಚಿ ಪಕ್ಕಕ್ಕೆ ಸರಿಸಿ ಹಿಂದೆ ಬಂದೆ. ಮೂವರೂ ಹಲ್ಲು ಕಚ್ಚಿ ತಳ್ಳಿದೆವು. ಕಾರು ಹತ್ತು ಅಡಿ ಮುಂದೆ ಸರಿಯಿತು. ಹಿಂದಿನ ಕಾರನ್ನು ಯಾರೂ ಹೊರಗೆ ಒಯ್ಯಲಿಲ್ಲ.

ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ ಬಾನೆಟ್ಟಿನ ಕಬ್ಬಿಣ ನನ್ನ ಅಂಗೈಗಿಂತ ತಣ್ಣಗಿತ್ತು. "ಈಗ ಹಾಕಿ," ಎಂದೆ.

ಕರಕರಕರ. ಡಬ್ಬಿಯಲ್ಲಿ ಬೋಲ್ಟು ತುಂಬಿ ಕುಲುಕಿದ ಹಾಗೆ ಮೂರು ಸೆಕೆಂಡು ಬಡಿದುಕೊಂಡಿತು. ಆಮೇಲೆ ಎಣ್ಣೆ ಏರಿ, ಮತ್ತದೇ ಮೌನ.

"ಮೂರು ಸೆಕೆಂಡ್ ಸದ್ದು ಅತ್ತಿಗೆ, ಅಷ್ಟಕ್ಕೆ..." ಎಂದ ಪಂಡಿತ.

"ಹೊಲಿಗೆ ಯಂತ್ರದಲ್ಲಿ ಸೂಜಿ ಇಳಿದು ಏಳೋ ಹೊತ್ತಿಗೆ ಸರಿಯಾಗಿ ಕೊಕ್ಕೆ ಬಂದು ನೂಲು ಹಿಡೀಬೇಕು. ಕೂದಲೆಳೆಯಷ್ಟು ತಪ್ಪಿದ್ರೆ ಸೂಜಿ ಮುರಿಯುತ್ತೆ. ಇಲ್ಲೂ ಅದೇ. ಪಿಸ್ಟನ್ನಿಗೂ ವಾಲ್ವಿಗೂ ತಾಳ ಹಾಕೋದು ಆ ಚೈನು. ಅದು ಸಡಿಲ ಆಗಿದೆ. ಈ ಎಂಜಿನ್ನಲ್ಲಿ ಚೈನು ಎಲ್ಲಿರುತ್ತಪ್ಪ, ನೀನೇ ಹೇಳು."

"ಎಂಜಿನ್ ಹಿಂದುಗಡೆ. ಗೇರ್‌ಬಾಕ್ಸ್ ಪಕ್ಕ."

"ಬದಲಾಯಿಸ್ಬೇಕಾದ್ರೆ?"

ಪಂಡಿತ ನೆಲ ನೋಡಿದ. ಅವನು ಬಡಾಯಿಗಾರ, ಸುಳ್ಳುಗಾರನಲ್ಲ. "ಇಡೀ ಎಂಜಿನ್ ಇಳಿಸ್ಬೇಕು," ಎಂದ.

ಆಯಿಲ್ ನೋಡುವ ಕಡ್ಡಿ ಎಳೆದು ಬೆರಳಿಗೆ ಹಚ್ಚಿಕೊಂಡೆ. ಜೇನಿನಷ್ಟು ಮಂದ. ಸದ್ದಡಗಿಸಲು ಗಟ್ಟಿ ಎಣ್ಣೆ ಸುರಿದಿದ್ದರು.

"ಎಲ್ಲರೂ ಮಾಡ್ತಾರೆ ಮೇಡಂ," ಎಂದ ಬಿಳಿಶೂ, ನಾಚಿಕೆಯಿಲ್ಲದೆ.

"ಗೊತ್ತು. ನಾನೂ ಮಾಡಿದೀನಿ."

ಹಾವಿನ ಹೆಜ್ಜೆ ಹಾವೇ ಬಲ್ಲದು. ಕೆಲಸಕ್ಕಿಳಿದ ಹೊಸದರಲ್ಲಿ ಸವೆದ ಯಂತ್ರವೊಂದಕ್ಕೆ ಗಟ್ಟಿ ಗ್ರೀಸು ತುಂಬಿ, ಬಾಯಿ ಮುಚ್ಚಿಸಿ, ಒಬ್ಬ ಹೆಂಗಸಿಗೆ ಮಾರಿದ್ದೆ. ಅವಳು ಹೊಲಿದು ಇಬ್ಬರು ಮಕ್ಕಳನ್ನು ಸಾಕುತ್ತಿದ್ದಳು. ಮೂರನೇ ತಿಂಗಳು ಯಂತ್ರ ಕಚ್ಚಿಕೊಂಡು ನಿಂತಿತು. ಬಂದು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. "ನಂಗೇ ಸರಿಯಾಗಿ ಓಡಿಸೋಕೆ ಬರಲ್ಲ ಅನ್ಸುತ್ತೆ ಅಕ್ಕ, ಕೆಡಿಸಿಬಿಟ್ಟೆ," ಎಂದು ತಲೆ ತಗ್ಗಿಸಿ ನಿಂತಳು. ಅಂಗಡಿಯಲ್ಲಿ ನಾನು ಹೊಲಿಯುತ್ತಿದ್ದ ನನ್ನ ಸ್ವಂತ ಯಂತ್ರವನ್ನು ಎತ್ತಿ ಅವಳಿಗೆ ಕೊಟ್ಟೆ. ತಪ್ಪು ನನ್ನದು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಹೇಳದೆ ಉಳಿದ ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅದನ್ನೆಲ್ಲ ಬಿಳಿಶೂವಿಗೆ ಯಾಕೆ ಹೇಳಲಿ? "ಆ ಮೂಲೆದು ತೋರಿಸಿ," ಎಂದೆ.

ಮೂಲೆಯ ಕಾರಿನ ಬಾನೆಟ್ಟು ಎತ್ತಿದಾಗ ನನಗೆ ಮೊದಲು ಕಂಡಿದ್ದು ಜಾಗ. ಸಣ್ಣ ಎಂಜಿನ್ನಿನ ಸುತ್ತ ಕೆಳಗಿನ ನೆಲ ಕಾಣುತ್ತಿತ್ತು. ಕೈ ಹಾಕಿದೆ, ಮೊಣಕೈವರೆಗೂ ಸಲೀಸಾಗಿ ಇಳಿಯಿತು. ದೊಡ್ಡದರಲ್ಲಿ ಬೆರಳು ತೂರಿಸಲೂ ಎಡೆಯಿರಲಿಲ್ಲ. ಬೆಲ್ಟು ಮುಂದೆಯೇ ಇತ್ತು, ಮುಚ್ಚಳ ಸರಿಸಿದರೆ ಕೈಗೆ ಸಿಗುವಂತೆ. ಸರಿಸಿ ನೋಡಿದೆ, ಬೆಲ್ಟು ಅಂಚಿನಲ್ಲಿ ಬಿರುಕು ಬಿಟ್ಟಿತ್ತು.

ಕಾರು ನಿಂತು ತಿಂಗಳಾಗಿತ್ತು, ಬ್ಯಾಟರಿ ಸತ್ತಿತ್ತು. ಬೇರೆ ಕಾರಿನಿಂದ ವೈರು ಎಳೆದು ಕೊಟ್ಟ ಮೇಲೆ ಮೂರನೇ ಸಲಕ್ಕೆ ಎಂಜಿನ್ ಹಿಡಿಯಿತು. ಟಿಕಟಿಕಟಿಕ. ಅಂಗಳಕ್ಕೆಲ್ಲ ಕೇಳುವ ಸದ್ದು.

"ಅಯ್ಯೋ, ಇದು ಹೊಲಿಗೆ ಮಿಷನ್ ಅತ್ತಿಗೆ!" ಎಂದ ಪಂಡಿತ.

ಚೀಲದಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿದೆ. ನಾಲ್ಕೂ ಕಡೆ ಕೇಳಿದೆ. ಏಟು ಸಮವಾಗಿತ್ತು, ಎಲ್ಲೂ ಎಡವುತ್ತಿರಲಿಲ್ಲ. ಕಾವೇರುತ್ತ ಹೋದಂತೆ ಟಿಕಟಿಕ ತಾನಾಗಿ ತಗ್ಗಿತು. ಕಡ್ಡಿಯಲ್ಲಿ ಎಣ್ಣೆ ಕಪ್ಪಗಿತ್ತು, ಆದರೆ ನೀರಾಗಿ ಹರಿಯಿತು. ಬೀದಿಯ ಕೊನೆಯವರೆಗೆ ನಾನೇ ಓಡಿಸಿದೆ. ಏರಿನಲ್ಲಿ ಏದುಸಿರು ಬಿಟ್ಟಿತು. ಬಿಡಲಿ, ಏರಿನಲ್ಲಿ ನಾನೂ ಬಿಡುತ್ತೇನೆ.

"ಇದೇ," ಎಂದೆ ವಾಪಸು ಬಂದು. "ಬೆಲ್ಟು ಮಾತ್ರ ಇಲ್ಲೇ, ನನ್ನ ಕಣ್ಣೆದುರಿಗೇ ಹೊಸದು ಹಾಕಿ ಕೊಡ್ಬೇಕು. ಬೇಕಾದ್ರೆ ನಾಳೇನೂ ಬಂದು ಇದೇ ಕುರ್ಚೀಲಿ ಕೂರ್ತೀನಿ."

ಬಿಳಿಶೂ ನಾಲ್ಕೂವರೆ ಗಂಟೆ ನನ್ನನ್ನು ಕುರ್ಚಿಯಲ್ಲಿ ನೋಡಿದವನು. ವಾದ ಮಾಡಲಿಲ್ಲ, ಮೆಕ್ಯಾನಿಕ್ಕಿಗೆ ಫೋನ್ ಮಾಡಿ ನಾಳೆ ಬೆಳಿಗ್ಗೆ ಬಾ ಎಂದ. ಪಂಡಿತ ಕಾರಿನ ಸುತ್ತ ಒಂದು ಸುತ್ತು ಬಂದು, "ನಾನೂ ಮೊದಲೇ ಹೇಳೋಣ ಅಂತಿದ್ದೆ, ಈ ಸಣ್ಣ ಎಂಜಿನ್ ಬಹಳ ಗಟ್ಟಿ," ಎಂದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಕಾರು ತಳ್ಳಿದ ಪುಣ್ಯಕ್ಕೆ ಅವನನ್ನು ಬಿಟ್ಟುಬಿಟ್ಟೆ.

ಆಫೀಸಿನೊಳಗೆ ಮೇಜಿನ ಮೇಲೆ ಬಿಳಿಶೂ ಅರ್ಜಿ ಬಿಡಿಸಿದ. ಹೆಸರು, ವಯಸ್ಸು, ವಿಳಾಸ ಕೇಳಿ ಬರೆದುಕೊಂಡ. ವಿಳಾಸಕ್ಕೆ ಯಾವುದು ಕೊಡಲಿ ಎಂದು ಒಂದು ಕ್ಷಣ ತಡವರಿಸಿ, ನಾನಿರುವ ಬಾಡಿಗೆ ಮನೆಯದ್ದನ್ನೇ ಕೊಟ್ಟೆ.

"ಉದ್ಯೋಗ?" ಎಂದು ಕೇಳಿದ ಅವನು, ಉತ್ತರಕ್ಕೆ ಕಾಯದೆ ತಾನೇ ಅಂದುಕೊಂಡು, "ಏನೂ ಇಲ್ಲ ಅಲ್ವಾ? ಗೆರೆ ಎಳೀತೀನಿ," ಎಂದ.

ನಾನು ಬಾಯಿ ತೆರೆಯುವ ಮೊದಲೇ ಮಗಳು ಅವನ ಕೈಯಿಂದ ಪೆನ್ನು ಕಿತ್ತುಕೊಂಡಳು. "ಗೆರೆ ಯಾಕೆ ಎಳೀತೀರಿ? ಇವತ್ತಿಡೀ ನೋಡಿಲ್ವಾ ನೀವು?" ಎಂದು ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡು ತಾನೇ ಬರೆದಳು: ಹೊಲಿಗೆ ಯಂತ್ರ ರಿಪೇರಿ. ಅಕ್ಷರಗಳು ಖಾನೆ ಮೀರಿ ಪಕ್ಕದ ಖಾನೆಗೂ ಹೋದವು.

"ಇದು ಮೊದಲು ಮಾಡ್ತಿದ್ದ ಕೆಲಸ, ಅಲ್ವಾ? ನಿವೃತ್ತಿ ಅಂತ ಸೇರಿಸ್ಬೇಕಾಗುತ್ತೆ," ಎಂದ ಬಿಳಿಶೂ.

"ನಿವೃತ್ತಿ ಅಂತ ಯಾರು ಹೇಳಿದ್ದು ನಿಮಗೆ?" ಎಂದಳು ಮಗಳು. "ವಾರಕ್ಕೆ ಐದು ದಿನ ಕೆಲಸ. ಎರಡು ದಿನ ನಮ್ಮನೇಲಿ. ಬೇಕು ಅಂತ ನಾನೇ ಕೇಳ್ಕೊಂಡಿದೀನಿ."

ಪೆನ್ನನ್ನು ನನ್ನ ಕೈಗೆ ಕೊಟ್ಟಳು. ನಾನು ಸಹಿ ಹಾಕಿದೆ.