ಓದಿಯೇ ಹಾಕಿದ ಸಹಿ

ಸ್ವಂತ ಅಂಗಡಿ ತೆರೆದ ಹತ್ತೊಂಬತ್ತನೆಯ ದಿನ ಅಕ್ಕನಿಗೆ ನೋಟೀಸು ಬಂತು. ಏಳು ವರ್ಷ ಅವಳು ಕೂದಲು ಕತ್ತರಿಸಿದ ಸಲೂನು ಕಂಪನಿ ಅದನ್ನು ಕಳಿಸಿತ್ತು. ಕೆಲಸ ಬಿಟ್ಟವರು ಒಂದು ವರ್ಷ, ಆ ಸಲೂನಿನ ಹತ್ತು ಕಿಲೋಮೀಟರಿನೊಳಗೆ ಎಲ್ಲಿಯೂ ಈ ಕಸುಬು ಮಾಡುವಂತಿಲ್ಲ. ಕರಾರಿನ ನಾಲ್ಕನೆಯ ಪುಟದಲ್ಲಿ ಹಾಗಿತ್ತು, ಕೆಳಗೆ ಅವಳ ಸಹಿ ಇತ್ತು.

"ಊರೇ ಹತ್ತು ಕಿಲೋಮೀಟರ್ ಇಲ್ವಲ್ಲೋ," ಎಂದಳು ಅಕ್ಕ. "ಇನ್ನು ಕಾಡಿಗೆ ಹೋಗಿ ಕರಡಿಗೆ ಕ್ಷೌರ ಮಾಡ್ಬೇಕು ಅಷ್ಟೆ."

"ಒಳ್ಳೇದೇ ಆಯ್ತು. ಕರಡಿ ಕನ್ನಡಿ ನೋಡಿ ತಕರಾರು ತೆಗೆಯಲ್ಲ," ಎಂದರು ಭಾವ.

ಯಾರೂ ನಗಲಿಲ್ಲ. ಶಟರು ಅರ್ಧಕ್ಕೆ ಇಳಿದಿತ್ತು. ಇದ್ದ ಒಂದೇ ಕುರ್ಚಿಯ ಮೇಲೆ ಅಕ್ಕನೇ ಕೂತು, ಬಾಚಣಿಗೆಯ ಹಲ್ಲುಗಳ ಮೇಲೆ ಹೆಬ್ಬೆರಳು ಎಳೆಯುತ್ತಿದ್ದಳು.

ನೋಟೀಸಿನ ವಿರುದ್ಧ ಕಾರ್ಮಿಕ ಕಚೇರಿಗೆ ಕೊಡುವ ಅರ್ಜಿ ಬರೆದವನು ನಾನು. ಗೊತ್ತಿದ್ದ ವಕೀಲರೊಬ್ಬರನ್ನು ಕೇಳಿದ್ದೆ. ತಿಳಿದು ಹಾಕಿದ ಸಹಿಯನ್ನು ಅಳಿಸುವುದು ಕಷ್ಟ, ತಿಳಿಯದೆ ಹಾಕಿದ್ದಾದರೆ ದಾರಿ ಉಂಟು ಎಂದಿದ್ದರು. ಹಾಗಾಗಿ ಬರೆದೆ: 'ನಾನು ಹೆಚ್ಚು ಓದಿದವಳಲ್ಲ. ಕರಾರಿನಲ್ಲಿ ಏನಿದೆ ಎಂದು ತಿಳಿಯದೆ ಸಹಿ ಹಾಕಿದೆ.'

ಅಕ್ಕ ಅದನ್ನು ಓದಿದಳು. "ಯಾರೋ ಇವಳು?" ಎಂದಳು.

"ಗೆಲ್ಲೋದಕ್ಕೆ ಹಾಗೆ ಬರೀಬೇಕಾಗುತ್ತೆ ಅಕ್ಕಾ."

ಅವಳು ಕೆಳಗೆ ಸಹಿ ಹಾಕಿ, ಕಾಗದ ಮಡಚಿ ನನ್ನ ಕೈಗೆ ಕೊಟ್ಟಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ವಿಚಾರಣೆಯ ಕೋಣೆಯಲ್ಲಿ ಒಂದು ಉದ್ದ ಮೇಜು, ಗೋಡೆಗೊರಗಿಸಿದ ಬೆಂಚು. ಅಧಿಕಾರಿ ನರೆತ ಕೂದಲಿನ ಹೆಂಗಸು. ಕಂಪನಿಯಿಂದ ಬಂದವನು ತರುಣ, ಮಾತಿನಲ್ಲಿ ಬೆಣ್ಣೆ. ಬೆಂಚಿನ ಮೇಲೆ ಅದೇ ಸಲೂನುಗಳಲ್ಲಿ ದುಡಿಯುವ ಐವರು ಹೆಂಗಸರು ಅಕ್ಕನಿಗಾಗಿ ತಮ್ಮ ರಜೆಯ ದಿನ ಕಳೆದುಕೊಂಡು ಬಂದು ಕೂತಿದ್ದರು.

"ತಿಳಿಯದೆ ಸಹಿ ಹಾಕ್ದೆ ಅಂತ ಬರ್ದಿದ್ದೀರಿ. ಹೌದಾ?" ಎಂದು ಅಧಿಕಾರಿ ಕೇಳಿದರು.

ಅಕ್ಕ ತಲೆ ಎತ್ತಿದಳು. "ಇಲ್ಲ ಮೇಡಂ. ಅದು ನನ್ನ ತಮ್ಮನ ಮಾತು, ನಾನೂ ಸಹಿ ಹಾಕಿಬಿಟ್ಟೆ. ತಪ್ಪಾಯ್ತು. ಆ ಕರಾರನ್ನ ನಾನು ಎರಡು ಸಲ ಓದಿದ್ದೆ."

ಅಂಗಡಿ ಹೋಯಿತು ಎಂದುಕೊಂಡೆ.

"ನಾವೂ ಅದನ್ನೇ ಹೇಳ್ತಿರೋದು," ಎಂದ ತರುಣ. "ಅವರು ಬುದ್ಧಿವಂತರು. ಸ್ವಂತ ಇಷ್ಟದಿಂದ ಒಪ್ಪಿದ್ದಾರೆ. ಅವರ ಸ್ವಾತಂತ್ರ್ಯನ ನಾವೆಲ್ಲ ಗೌರವಿಸ್ಬೇಕು."

"ಗೌರವ ಕೊಟ್ರಲ್ಲ, ಸಂತೋಷ ಕಣಪ್ಪ," ಎಂದಳು ಅಕ್ಕ. "ಅವತ್ತು ಆ ಸಾಲು ಹೊಡೆದುಹಾಕಿ ಅಂತ ನಾನು ಬಾಯಿಬಿಟ್ಟು ಕೇಳಿದ್ದೆ. ಹಾಗಾದ್ರೆ ಮುಂದಿನವರನ್ನ ಕರೀತೀವಿ ಅಂದ್ರು. ಮಗಳಿಗೆ ಆಗ ಎಂಟು ತಿಂಗಳು, ಸಹಿ ಹಾಕ್ದೆ. ಮೇಡಂ, ನನ್ನನ್ನ ದಡ್ಡಿ ಅಂತ ಬರ್ಕೊಂಡು ನನಗೆ ನ್ಯಾಯ ಕೊಡೋದು ಬೇಡ. ಇವರನ್ನ ಒಂದೇ ಒಂದು ಕೇಳಿ. ಇವರದು ಹನ್ನೊಂದು ಸಲೂನಿದೆ. ಆ ಸಾಲು ಬೇಡ ಅಂದಮೇಲೂ ಕೆಲಸ ಸಿಕ್ಕಿದವರು ಒಬ್ಬರಾದ್ರೂ ಇದ್ದಾರಾ?"

ಅಧಿಕಾರಿ ತರುಣನತ್ತ ತಿರುಗಿದರು. ಅವನು ಫೈಲು ತೆರೆದ. ಒಂದು ಹಾಳೆ ಮಗುಚಿದ, ಇನ್ನೊಂದು ಮಗುಚಿದ. ಪಕ್ಕದ ಕೋಣೆಯಲ್ಲಿ ಯಾರೋ ಕಾಗದಕ್ಕೆ ಠಸ್ಸೆ ಒತ್ತುತ್ತಿದ್ದ ಸದ್ದು ಕೇಳುತ್ತಿತ್ತು.

"ಏನಂತ ಬರ್ಕೊಳ್ಳಲಿ?" ಎಂದರು ಅಧಿಕಾರಿ.

"ವಿಚಾರಿಸಿ ಹೇಳ್ತೀವಿ ಮೇಡಂ."

"ಅದೂ ಸರಿ. ಕೇಳಿದಾಗ ಉತ್ತರ ಬರಲಿಲ್ಲ, ಅದನ್ನೂ ಬರ್ಕೋತೀನಿ," ಎಂದು ಅವರು ನಿಧಾನವಾಗಿ ಬರೆದರು.

ಬೆಂಚಿನಿಂದ ಒಬ್ಬಳು ಎದ್ದಳು. "ನಾನೂ ಓದಿಯೇ ಸಹಿ ಹಾಕಿದ್ದು ಮೇಡಂ." ಅವಳ ಹಿಂದೆಯೇ ಉಳಿದ ನಾಲ್ವರೂ ಎದ್ದರು.

"ಹೆಸರು ಬರೆಸಿದ್ರೆ ಕಂಪನಿಗೂ ಗೊತ್ತಾಗುತ್ತೆ. ಯೋಚನೆ ಮಾಡಿ," ಎಂದರು ಅಧಿಕಾರಿ.

ಇಬ್ಬರು ಮತ್ತೆ ಕೂತರು. ಅಕ್ಕ ಅವರತ್ತ ನೋಡಿ, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದಳು. ಮೂವರು ಮೇಜಿನ ಬಳಿಗೆ ನಡೆದರು.

ತೀರ್ಮಾನ ಅಂದೇ ಆಗಲಿಲ್ಲ. ಆರು ವಾರದ ನಂತರ ಇನ್ನೊಂದು ವಿಚಾರಣೆ. ಅಲ್ಲಿಯವರೆಗೆ ನೋಟೀಸಿಗೆ ತಡೆ, ಅಂಗಡಿ ತೆರೆಯಬಹುದು. ಮೂವರ ದೂರನ್ನೂ ಸೇರಿಸಿ ನಿಜ ಇದ್ದದ್ದು ಇದ್ದಂತೆ ಹೊಸ ಅರ್ಜಿ ಕೊಡಿ ಎಂದು ಹೇಳುವಾಗ ಅಧಿಕಾರಿ ನನ್ನ ಮುಖವನ್ನೇ ನೋಡಿದರು.

ಹೊರಗಿನ ಮೆಟ್ಟಿಲ ಮೇಲೆ ಕೂತು ಪೆನ್ನು ತೆಗೆದೆ. "ಅಕ್ಕಾ, ನಾನು..." ಎಂದೆ.

"ಗೊತ್ತು ಬಿಡೋ. ಈಗ ನಾನು ಹೇಳ್ತೀನಿ, ನೀನು ಬರಿ."

ಅವಳು ಹೇಳಿದಳು. ನಡುನಡುವೆ ನಿಂತಳು. ಬಾಯಿಗೆ ಬಂದ ಪದಗಳನ್ನು ನುಂಗಿಕೊಂಡು ನಾನೂ ನಿಂತೆ, ಅವಳದೇ ಪದ ಬರುವವರೆಗೆ.

"ಬೇಗ ಬರಿಯೋ ಮಾರಾಯಾ," ಎಂದಳು ಕೊನೆಗೆ. "ನಾಲ್ಕು ಗಂಟೆಗೆ ಒಬ್ಬರು ತಲೆ ಕೊಡೋಕೆ ಬರ್ತಾರೆ."