ಸೂರ್ಯನ ದೀಪ ದೊಡ್ಡದಾದಾಗ

ತಾರಾಲಯದ ಪ್ರೊಜೆಕ್ಟರ್ ಆಪರೇಟರ್ ಅವಳಿಗೆ ಗಿಣಿ ಎಂದು ಹೆಸರಿಟ್ಟಿದ್ದ. ನಕ್ಷತ್ರಗಳ ಹುಟ್ಟು ಸಾವಿನ ಪಾಠವನ್ನು ಅವಳು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ನಡುವೆ ಯಾರಾದರೂ ಕೆಮ್ಮಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ನಿರೂಪಕಿಯ ಕೆಲಸಕ್ಕೆಂದು ನಡೆದ ಕಳೆದ ಸಲದ ಪರೀಕ್ಷೆಯಲ್ಲಿ ಪ್ರೇಕ್ಷಕರೊಬ್ಬರು ಪ್ರಶ್ನೆ ಕೇಳಿದ್ದೇ ತಡ, ಬಾಯಿಗೆ ಬೀಗ ಬಿದ್ದಿತ್ತು. ಇಂದಿನದು ಎರಡನೆಯ ಅವಕಾಶ, ಕೊನೆಯದೂ ಹೌದು. ಇದೂ ಕೈಕೊಟ್ಟರೆ ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಶರ್ಟುಗಳಿಗೆ ಕಾಜ ಹಾಕುತ್ತ ಕೂರಬೇಕು. ಅದೇನೂ ಕೀಳು ಕೆಲಸವಲ್ಲ. ಅವಳಿಗೆ ಬೇಡವಾಗಿತ್ತು, ಅಷ್ಟೇ.

ಮುಖ್ಯಸ್ಥರು ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಬಾಯಿ ಹೊಲಿದುಕೊಂಡು ಕೂರುತ್ತೇನೆಂದು ಮಾತು ಕೊಟ್ಟಿದ್ದ ಚಿಕ್ಕಮ್ಮ ಟಿಕೆಟ್ ತೆಗೆದುಕೊಂಡು ಮುಂದಿನ ಸಾಲನ್ನೇ ಹಿಡಿದಿದ್ದಳು.

ಸಭಾಂಗಣ ಕತ್ತಲಾಯಿತು. ಅನಿಲದ ಮೋಡ ತನ್ನ ಭಾರಕ್ಕೆ ತಾನೇ ಕುಸಿದು ಕಾಯುವುದು, ಒಡಲಲ್ಲಿ ಹೈಡ್ರೋಜನ್ ಹೀಲಿಯಂ ಆಗುತ್ತ ನಕ್ಷತ್ರ ಬೆಳಗುವುದು, ಎಲ್ಲ ಸರಾಗವಾಗಿ ಸಾಗಿತು. ಸೂರ್ಯನ ಮುಪ್ಪಿನ ಹೊತ್ತಿಗೆ 'ಉಬ್ಬುತ್ತದೆ' ಎಂಬ ಪದ ನಾಲಿಗೆಯಿಂದ ಜಾರಿ ಎಲ್ಲಿಗೋ ಹೋಯಿತು. ತಡವರಿಸಿ, "ಆಗ ಸೂರ್ಯನ ದೀಪ ದೊಡ್ಡದಾಗುತ್ತದೆ" ಎಂದುಬಿಟ್ಟಳು.

ಯಾರೋ ಕಿಸಕ್ಕೆಂದರು. ದೀಪ ಆರಿಸು ಎನ್ನಲು ಮನಸ್ಸು ಬಾರದವರು ಮನೆಗಳಲ್ಲಿ ಹೇಳುವ ಮಾತದು: ದೀಪ ದೊಡ್ಡದು ಮಾಡು.

"ಒಂದ್ನಿಮಿಷ ಮೇಡಂನೋರೇ," ಎಂದಳು ಚಿಕ್ಕಮ್ಮ. ಬಾಯಿಯ ಹೊಲಿಗೆ ಬಿಚ್ಚಿತ್ತು. "ಆರಿಹೋಗುತ್ತಾ, ದಪ್ಪ ಆಗುತ್ತಾ? ಸೌದೆ ಮುಗಿದ ಒಲೆ ಎಲ್ಲಾದ್ರೂ ಊದಿಕೊಳ್ಳುತ್ತಾ?"

ಎಲ್ಲರೂ ನಕ್ಕರು. ಗಿಣಿಗೆ ಪಾಠದ ಒಂದು ಸಾಲೂ ನೆನಪಾಗಲಿಲ್ಲ. ಕೆಲಸ ಹೋಯಿತು ಎಂದುಕೊಂಡಳು. ಆದರೆ ಚಿಕ್ಕಮ್ಮನಿಗೆ ಎದುರುತ್ತರ ಕೊಡದೆ ಬಿಟ್ಟ ಅಭ್ಯಾಸ ಅವಳಿಗಿರಲಿಲ್ಲ.

"ಎರಡೂ ಆಗುತ್ತೆ ಚಿಕ್ಕಮ್ಮ, ಕೇಳಿಲ್ಲಿ. ಸೌದೆ ಮುಗಿಯೋದು ನಟ್ಟನಡುವೆ ಮಾತ್ರ. ಅಲ್ಲಿ ಉರಿ ನಿಂತ್ರೆ ಮೇಲಿನ ಭಾರ ತಡೆಯೋಕಾಗಲ್ಲ, ನಡುಭಾಗ ಕುಗ್ಗುತ್ತೆ. ಕುಗ್ಗಿದಷ್ಟೂ ಕಾಯುತ್ತೆ. ಆ ಕಾವಿಗೆ ಸುತ್ತಲ ಪದರದ ಹೈಡ್ರೋಜನ್ ಮೊದಲಿಗಿಂತ ಜೋರಾಗಿ ಉರಿಯುತ್ತೆ. ಹೊರಗಿನ ಮೈ ಉಬ್ಬಿ ಉಬ್ಬಿ, ತಣಿದು ಕೆಂಪಾಗುತ್ತೆ. ಕೆಂಪು ದೈತ್ಯ ಅನ್ನೋದು ಅದನ್ನೇ."

"ಕೆಂಪಗಿದ್ರೆ ಬಿಸಿ ಅಲ್ವೇನೇ?"

"ನಕ್ಷತ್ರಗಳಲ್ಲಿ ನೀಲಿ ಹೆಚ್ಚು ಬಿಸಿ. ಕೆಂಪು ಇದ್ದದ್ದರಲ್ಲಿ ತಣ್ಣಗೆ."

"ಆಮೇಲೆ ಸಿಡಿದುಬಿಡುತ್ತಾ?"

"ಸೂರ್ಯನಿಗೆ ಸಿಡಿಯುವಷ್ಟು ಭಾರ ಇಲ್ಲ. ಹೊರಗಿನ ಪದರ ಕಳಚಿಹಾಕುತ್ತೆ, ನಡುವೆ ಬಿಳಿ ಕುಬ್ಜ ಅಂತ ಪುಟ್ಟದೊಂದು ಉಳಿದು ನಿಧಾನಕ್ಕೆ ತಣಿಯುತ್ತೆ. ಅದಕ್ಕೆಲ್ಲ ಇನ್ನೂ ನೂರಾರು ಕೋಟಿ ವರ್ಷ ಇದೆ. ಅಷ್ಟರೊಳಗಾದ್ರೂ ಗಿರಾಕಿಗಳ ಬಟ್ಟೆ ಹೊಲಿದು ಕೊಟ್ಟುಬಿಡು."

ಈ ಸಲ ನಗು ಚಿಕ್ಕಮ್ಮನ ಕಡೆ ತಿರುಗಿತು. ಅವಳೂ ನಕ್ಕಳು.

ಪ್ರದರ್ಶನ ಮುಗಿದ ಮೇಲೆ ಮುಖ್ಯಸ್ಥರು ಬಾಗಿಲ ಬಳಿ ಬಂದರು. "ಆ ಹೆಂಗಸನ್ನ ನೀನೇ ಹೇಳಿಕೊಟ್ಟು ಕೂರಿಸಿದ್ದಾ?"

"ಇಲ್ಲ ಸರ್. ನನ್ನ ಚಿಕ್ಕಮ್ಮ. ಹೇಳಿಕೊಟ್ರೆ ಕೇಳೋ ಪೈಕಿ ಅಲ್ಲ."

"ಅದು ಗೊತ್ತಾಯ್ತು. ನಾಳೆಯಿಂದ ಬೆಳಗಿನ ಪ್ರದರ್ಶನ ನಿನ್ನದು. ಪಾಠ ಒಪ್ಪಿಸಬೇಡ, ಹೀಗೇ ಹೇಳು. ಆ ದೀಪದ ಮಾತೂ ಇರಲಿ."

ಅವರು ಅತ್ತ ಹೋಗುತ್ತಲೇ ಗಿಣಿ ಹೊರಗೆ ಬಂದಳು. ಮೆಟ್ಟಿಲ ಮೇಲೆ ಕುಕ್ಕರಿಸಿದಳು.

"ನಾನು ಬಾಯಿ ಹಾಕಿ ಕೆಡಿಸಿದ್ನೇನೇ?" ಚಿಕ್ಕಮ್ಮ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು.

"ಕೆಡಿಸೋಕೆ ನೋಡಿದೆ. ನಿನ್ನ ಕೈಲಿ ಆಗಲಿಲ್ಲ."

ಚಿಕ್ಕಮ್ಮ ನೀರಿನ ಬಾಟಲಿ ಚಾಚಿದಳು. ಗಿಣಿ ಅವಸರದಲ್ಲಿ ಎತ್ತಿದ್ದಕ್ಕೆ ಅರ್ಧ ನೀರು ಮೈಮೇಲೆ ಚೆಲ್ಲಿತು. ಒರೆಸಿಕೊಳ್ಳುವ ಗೋಜಿಗೂ ಹೋಗದೆ ಅವಳು ಗಟಗಟ ಕುಡಿದಳು.